ಒಂದು ಹಲ್ಲು ಹೆಚ್ಚೋ, ಒಂದು ಹಲ್ಲು ಕಡಿಮೆಯೋ?

ಹಿಂದಿನ ಸೀಟಿನಲ್ಲಿ ಒಬ್ಬರು ಕೂತಿದ್ದಾರೆ, ಎರಡೂ ಬದಿಗೆ ಬ್ಯಾಗು ತುಂಬಿದೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಲೋಡ್ ಲಾರಿಯೊಂದು ಮುಂದೆ ತೆವಳುತ್ತಿದೆ. ಎರಡನೇ ಗೇರಿನಲ್ಲಿ ಎಂಜಿನ್ ಒದ್ದಾಡುತ್ತದೆ, ಒಂದನೇ ಗೇರಿಗೆ ಇಳಿಸಿದರೆ ಅರಚುತ್ತದೆ. ಕೊನೆಗೆ ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಏರು ಮುಗಿಸಬೇಕಾಗುತ್ತದೆ. ಮರುವಾರ ಅದೇ ಗಾಡಿ ಹುಬ್ಬಳ್ಳಿ ಹೆದ್ದಾರಿಯಲ್ಲಿ ಒಬ್ಬರೇ ಹೋಗುವಾಗ ‘ಇನ್ನೊಂದು ಗೇರ್ ಇರಬಾರದಿತ್ತೇ’ ಅನ್ನಿಸುತ್ತದೆ. ಈ ಎರಡು ದೂರುಗಳನ್ನು ಯಾವ ಗ್ಯಾರೇಜಿಗೆ ಒಯ್ದರೂ ಸಿಗುವ ಉತ್ತರ ಒಂದೇ: “ಸ್ಪ್ರಾಕೆಟ್ ಚೇಂಜ್ ಮಾಡ್ಸಿ ಸಾರ್, ಸರಿಹೋಗತ್ತೆ.”

ಉತ್ತರ ತಪ್ಪಲ್ಲ. ಎಂಜಿನ್ ಬಿಚ್ಚದೆ, ಗೇರ್‌ಬಾಕ್ಸ್ ಮುಟ್ಟದೆ ಗಾಡಿಯ ನಡೆಯನ್ನು ಬದಲಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಯಾವ ಸ್ಪ್ರಾಕೆಟ್, ಎಷ್ಟು ಹಲ್ಲು, ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂಬುದನ್ನು ಲೆಕ್ಕ ಹಾಕದೆ ಮಾಡಿಸಿದರೆ ಒಂದು ತೊಂದರೆ ಕಳೆದು ಇನ್ನೊಂದನ್ನು ಕೊಂಡಂತಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ರಸ್ತೆಗಳಲ್ಲಿ, ಸಾಮಾನು ಹೇರಿಕೊಂಡು ತಿರುಗುವವರಿಗೆ ಎರಡೇ ಆಯ್ಕೆ ಸಲ್ಲುತ್ತವೆ. ಒಂದು, ಕಂಪನಿ ಕೊಟ್ಟದ್ದನ್ನೇ ಇಟ್ಟುಕೊಳ್ಳುವುದು. ಇನ್ನೊಂದು, ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು. ಹೆಚ್ಚು ಮಾಡಿಸಿಕೊಂಡು ನಿಜಕ್ಕೂ ಲಾಭ ಪಡೆಯುವವರು ಕೆಲವರು ಮಾತ್ರ.

ಲೆಕ್ಕ ಸುಲಭ

ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ತುದಿಯಲ್ಲಿ ಚಿಕ್ಕ ಸ್ಪ್ರಾಕೆಟ್, ಹಿಂದಿನ ಚಕ್ರದಲ್ಲಿ ದೊಡ್ಡದು, ನಡುವೆ ಚೈನು. ದೊಡ್ಡದರ ಹಲ್ಲುಗಳನ್ನು ಚಿಕ್ಕದರ ಹಲ್ಲುಗಳಿಂದ ಭಾಗಿಸಿದರೆ ಸಿಗುವುದೇ ಫೈನಲ್ ಡ್ರೈವ್ ಅನುಪಾತ. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು. ಚಿಕ್ಕದಾದಷ್ಟೂ ಅದೇ ಎಂಜಿನ್ ವೇಗಕ್ಕೆ ಓಟ ಹೆಚ್ಚು.

ನಮ್ಮಲ್ಲಿ ಪ್ರವಾಸಿಗರು ಬಹಳ ಬಳಸಿದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಗಾಡಿಯನ್ನೇ ತೆಗೆದುಕೊಳ್ಳೋಣ. ಮುಂದೆ 15 ಹಲ್ಲು, ಹಿಂದೆ 38. ಅನುಪಾತ 2.53. ಮುಂದಿನದನ್ನು 14ಕ್ಕೆ ಇಳಿಸಿದರೆ ಅದು 2.71 ಆಗುತ್ತದೆ, ಅಂದರೆ ಚಕ್ರದ ಎಳೆತ ಶೇ 7ರಷ್ಟು ಏರುತ್ತದೆ. 16ಕ್ಕೆ ಏರಿಸಿದರೆ 2.38ಕ್ಕೆ ಇಳಿದು ಶೇ 6ರಷ್ಟು ಎಳೆತ ಹೋಗುತ್ತದೆ. ಅದೇ ಹಿಂದಿನದನ್ನು 38ರಿಂದ 40 ಮಾಡಿದರೆ ಏರುವುದು ಶೇ 5 ಮಾತ್ರ. ಮುಂದಿನ ಒಂದು ಹಲ್ಲು ಹಿಂದಿನ ಎರಡೂವರೆ ಹಲ್ಲಿಗೆ ಸಮ ಎಂದು ನೆನಪಿಟ್ಟುಕೊಂಡರೆ ಸಾಕು. ಕೆಟಿಎಂ 390 ಅಡ್ವೆಂಚರ್‌ನಂಥ 15–45ರ ಗಾಡಿಯಲ್ಲಿ ಅನುಪಾತ ಸರಿಯಾಗಿ 3. ಮುಂದೆ 14 ಹಾಕಿದರೆ 3.21. ಅಲ್ಲಿ ಮುಂದಿನ ಒಂದು ಹಲ್ಲಿಗೆ ಹಿಂದಿನ ಮೂರು ಹಲ್ಲು ಬೇಕು. ನಿಮ್ಮ ಗಾಡಿಯ ಹಲ್ಲುಗಳನ್ನು ಮಾತ್ರ ನೀವೇ ಎಣಿಸಿ. ಹಳೆಯ ಮಾಲೀಕರು ಏನು ಹಾಕಿಸಿದ್ದರೋ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಸ್ಪ್ರಾಕೆಟ್ಟಿನ ಮೈಮೇಲೂ ಸಂಖ್ಯೆ ಒತ್ತಿರುತ್ತಾರೆ, ಗ್ರೀಸ್ ಒರೆಸಿದರೆ ಕಾಣುತ್ತದೆ.

ಇದನ್ನು ಟ್ಯಾಕೋಮೀಟರಿಗೆ ಹೊಂದಿಸಿ ನೋಡಿ. ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ ಮುಳ್ಳು 5000ದಲ್ಲಿ ನಿಲ್ಲುವ 15–38ರ ಗಾಡಿ ಎಂದುಕೊಳ್ಳಿ. 14 ಹಲ್ಲಿನಲ್ಲಿ ಅದೇ ವೇಗಕ್ಕೆ 5360 ಆಗುತ್ತದೆ, 16ರಲ್ಲಿ 4690. ವ್ಯತ್ಯಾಸ ಇಷ್ಟೇ. ‘ಇನ್ನೊಂದು ಗೇರ್ ಬಂದ ಹಾಗೆ ಆಗುತ್ತೆ’ ಎಂದು ಹೇಳುವವರಿದ್ದಾರೆ, ಹಾಗೆ ಆಗುವುದಿಲ್ಲ. ಬದಲಾಗುವುದು ಟಾಪ್ ಗೇರ್ ಒಂದೇ ಅಲ್ಲ, ಒಂದನೆಯದರಿಂದ ಕೊನೆಯದರವರೆಗೆ ಎಲ್ಲವೂ ಅದೇ ಪ್ರಮಾಣದಲ್ಲಿ ಸರಿಯುತ್ತವೆ. ಹೆದ್ದಾರಿಯ ಸುಖಕ್ಕೆಂದು ಹಾಕಿಸಿದ 16 ಹಲ್ಲಿನ ಬೆಲೆಯನ್ನು ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಕ್ಲಚ್ ಪ್ಲೇಟು ಕಟ್ಟುತ್ತದೆ.

ಯಾರಿಗೆ ಯಾವುದು

ಹೆದ್ದಾರಿಯಲ್ಲಿ ಎಂಜಿನ್ ಎದುರಿಸುವುದು ಮುಖ್ಯವಾಗಿ ಗಾಳಿಯನ್ನು. ವೇಗ ಏರಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ: 80ರಿಂದ 100ಕ್ಕೆ ಹೋದರೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಮುಂದೆ ಹಲ್ಲು ಹೆಚ್ಚಿಸಿ ಎಂಜಿನ್ ವೇಗ ತಗ್ಗಿಸಿದರೂ ಬೇಕಾದ ಶಕ್ತಿ ತಗ್ಗುವುದಿಲ್ಲ. ಅಷ್ಟನ್ನೇ ಕಡಿಮೆ ಸುತ್ತಿನಲ್ಲಿ ತೆಗೆಯಬೇಕಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಲ್ಲಿ ಎದುರುಗಾಳಿ ಬೀಸುವಾಗ ಸುಮಾರು 24 ಅಶ್ವಶಕ್ತಿಯ ಹಿಮಾಲಯನ್, ಅದರ ಮೇಲೆ ಇಬ್ಬರು, ಜೊತೆಗೆ ಗಾಳಿಗೆ ಎದೆಯೊಡ್ಡಿದ ಎರಡು ಪೆಟ್ಟಿಗೆ ಎಂದರೆ ಟಾಪ್ ಗೇರ್ ಹಿಡಿಯುವುದೇ ಇಲ್ಲ. ನಾಲ್ಕಕ್ಕೆ ಇಳಿಸಿ ಓಡಿಸುತ್ತೀರಿ. ಆಗ ಎಂಜಿನ್ ವೇಗ ಮೊದಲಿಗಿಂತ ಹೆಚ್ಚೇ ಆಯಿತು, ಪೆಟ್ರೋಲೂ ಉಳಿಯಲಿಲ್ಲ.

ಇನ್ನು, ವೇಗವಾಗಿ ಹೋಗುವ ರಸ್ತೆಯಾದರೂ ನಮಗೆ ಎಷ್ಟಿದೆ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಹೋಗಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ, ಹಂಪ್‌ಗಳನ್ನು ಎಣಿಸುತ್ತ, ಎರಡು ಮೂರನೇ ಗೇರಿನಲ್ಲಿ.

16 ಹಲ್ಲು ಒಪ್ಪುವುದು ಶಕ್ತಿ ಮಿಗುವ ಗಾಡಿಗಳಿಗೆ. ಇಂಟರ್‌ಸೆಪ್ಟರ್ 650ರಲ್ಲಿ ಕಂಪನಿಯ ಜೋಡಿ ಹಿಮಾಲಯನ್‌ನಂತೆಯೇ 15–38, ಆದರೆ ಶಕ್ತಿ ಹತ್ತಿರಹತ್ತಿರ ಇಮ್ಮಡಿ. ಅದರಲ್ಲಿ ಮುಂದೆ 16 ಹಾಕಿಸಿ, ಬಹುಪಾಲು ಒಬ್ಬರೇ, ಬಹುಪಾಲು ನಾಲ್ಕು ಪಥದ ರಸ್ತೆಯಲ್ಲಿ ಹೋಗುವವರಿಗೆ ಕಂಪನ ತಗ್ಗಿ ಕೈಗೆ ಹಿತವಾಗುತ್ತದೆ. ಅಂಥವರು ಖಂಡಿತ ಮಾಡಿಸಲಿ.

ಲಡಾಖಿಗೆ ಹೊರಟವರು ಮಾತ್ರ 14ರ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಸಮುದ್ರಮಟ್ಟದಿಂದ 5000 ಮೀಟರ್ ಮೇಲೆ ಗಾಳಿಯ ಒತ್ತಡ ಕೆಳಗಿನದರ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಖರ್ದುಂಗ್ ಲಾ ಅದಕ್ಕಿಂತಲೂ ಎತ್ತರದಲ್ಲಿದೆ. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಗಾಳಿಗೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲದ ಗಾಳಿಯನ್ನು ತರಲಾರದು. ಹಾಗಾಗಿ ಎಂಜಿನ್ ಶಕ್ತಿಯಲ್ಲಿ ಶೇ 40ರಷ್ಟು ಅಲ್ಲಿ ಇರುವುದೇ ಇಲ್ಲ. ಹಿಮ ಕರಗಿ ಹರಿಯುವ ನಾಲೆಯಲ್ಲಿ ದುಂಡು ಕಲ್ಲುಗಳ ಮೇಲೆ ನಿಧಾನವಾಗಿ, ಕ್ಲಚ್ ಪೂರ್ತಿ ಬಿಟ್ಟು ಸಾಗಲು ಆ ಶೇ 7 ಬಹಳ ನೆರವಾಗುತ್ತದೆ. ಮಲೆನಾಡಿನ ಎಸ್ಟೇಟ್ ರಸ್ತೆಗಳಲ್ಲಿ ಮಳೆಗಾಲ ಪೂರ್ತಿ ಓಡಾಡುವವರಿಗೂ ಇದೇ ಸರಿ.

ಒಂದಕ್ಕಿಂತ ಹೆಚ್ಚು ಹಲ್ಲು ತಗ್ಗಿಸಲು ಹೋಗಬೇಡಿ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನಿನ ಪ್ರತಿ ಕೊಂಡಿ ಹೆಚ್ಚು ಬಾಗಬೇಕಾಗುತ್ತದೆ, ಸವೆತ ಹೆಚ್ಚುತ್ತದೆ. ಚೈನು ಸ್ವಿಂಗ್ ಆರ್ಮಿಗೆ ಹತ್ತಿರವಾಗಿ ಅಲ್ಲಿನ ರಬ್ಬರ್ ಪಟ್ಟಿಯನ್ನು ಉಜ್ಜತೊಡಗುತ್ತದೆ. ಮುಂದೆ ದೊಡ್ಡದು ಹಾಕುವಾಗ ಸಮಸ್ಯೆ ಬೇರೆ: ಮುಚ್ಚಳದ ಒಳಗೆ ಜಾಗ ಸಾಲದೆ ಚೈನು ಕೇಸಿಂಗಿಗೆ ತಗುಲಬಹುದು. ಇನ್ನೂ ಎಳೆತ ಬೇಕೆಂದರೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿಸುವುದೇ ಸರಿಯಾದ ದಾರಿ.

ಸ್ಪೀಡೋಮೀಟರ್ ವಿಷಯ ಮರೆಯಬೇಡಿ. ಕೆಲವು ಗಾಡಿಗಳಲ್ಲಿ ವೇಗವನ್ನು ಓದುವ ಸೆನ್ಸರ್ ಚಕ್ರದಲ್ಲಿರುತ್ತದೆ. ಅವುಗಳಿಗೆ ಏನೂ ಆಗುವುದಿಲ್ಲ. ಸೆನ್ಸರ್ ಗೇರ್‌ಬಾಕ್ಸಿನ ಕಡೆ ಇದ್ದರೆ ಮುಂದೆ 14 ಹಾಕಿದ ಮೇಲೆ ಮೀಟರು ನಿಜಕ್ಕಿಂತ ಶೇ 7 ಹೆಚ್ಚು ತೋರಿಸುತ್ತದೆ, ಕಿಲೋಮೀಟರ್ ಲೆಕ್ಕವೂ ಹಾಗೆಯೇ ಏರುತ್ತದೆ. 16 ಹಾಕಿದರೆ ಕಡಿಮೆ ತೋರಿಸುತ್ತದೆ, ಅದು ಹೆಚ್ಚು ಅಪಾಯ. ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಕೈಹಾಕಿ.

ಸಾಮಾನು ಕೊಳ್ಳುವಾಗ

ಚೈನಿನ ಮೇಲಿನ ಸಂಖ್ಯೆಯಲ್ಲಿ ಅಳತೆಯೇ ಇದೆ. 520 ಎಂದರೆ ಮೊದಲ 5 ಪಿಚ್ಚನ್ನು ಹೇಳುತ್ತದೆ: ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇಂಚಿನ ಎಂಟರಲ್ಲಿ ಐದು ಭಾಗ, ಅಂದರೆ 15.875 ಮಿ.ಮೀ. ಉಳಿದ 20 ಒಳಗಲ, ಇಂಚಿನ ಎಂಟರಲ್ಲಿ ಎರಡು ಭಾಗ. 525, 530 ಚೈನುಗಳ ಪಿಚ್ ಅದೇ, ಅಗಲ ಮಾತ್ರ ಹೆಚ್ಚು. ಸಣ್ಣ ಗಾಡಿಗಳ 428ರ ಪಿಚ್ ಅರ್ಧ ಇಂಚು. ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯಿಂದ ಅಂಗಡಿಗೆ ಬಿಡಿಬಿಡಿಯಾಗಿ ಕೊಳ್ಳುವವರು ಈ ಸಂಖ್ಯೆಯನ್ನೂ ಶಾಫ್ಟಿನ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಸ್ಪ್ರಾಕೆಟ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಒಂದರ ಮೇಲೊಂದಿಟ್ಟು ಹೋಲಿಸಿದರೆ ಎಡವುವುದಿಲ್ಲ.

ಚೈನು ಹಳೆಯದಾಗಿದ್ದರೆ ಬರೀ ಮುಂದಿನ ಸ್ಪ್ರಾಕೆಟ್ ಬದಲಿಸಿ ಹಣ ಉಳಿಸಲು ನೋಡಬೇಡಿ. ಹಿಗ್ಗಿದ ಚೈನು ಹೊಸ ಹಲ್ಲುಗಳನ್ನು ಬೇಗ ತಿಂದುಹಾಕುತ್ತದೆ. ಪರೀಕ್ಷಿಸುವುದು ಕಷ್ಟವಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ, ನಡುಮಟ್ಟದಲ್ಲಿ, ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಚೈನು ಮೇಲೆದ್ದರೆ ಅದರ ಆಯಸ್ಸು ಮುಗಿದಿದೆ. ಸರಿಯಾದ ಅಳತೆ ಬೇಕೆಂದರೆ ಚೈನನ್ನು ಬಿಗಿ ಮಾಡಿ 21 ಪಿನ್ನುಗಳ ನಡುವಿನ ದೂರ ಅಳೆಯಿರಿ. ಹೊಸ 520 ಚೈನಿನಲ್ಲಿ ಅದು 317.5 ಮಿ.ಮೀ.; 323ರ ಹತ್ತಿರ ಬಂದಿದ್ದರೆ ಪೂರ್ತಿ ಕಿಟ್ ಬದಲಿಸುವುದೇ ಲೇಸು. ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದ ಹಲ್ಲಿನಂತೆ ಒಂದು ಕಡೆಗೆ ಬಾಗಿದ್ದರೂ ಅಷ್ಟೆ. ಹೀಗಾಗಿ ಅನುಪಾತ ಬದಲಿಸಲು ಒಳ್ಳೆಯ ಹೊತ್ತು ಎಂದರೆ ಹೇಗೂ ಚೈನ್ ಕಿಟ್ ಬದಲಿಸಬೇಕಾಗಿ ಬಂದಾಗ.

ಚೈನಿನ ಉದ್ದವನ್ನೂ ಲೆಕ್ಕ ಹಾಕಬಹುದು. ಮುಂದೆ ಒಂದು ಹಲ್ಲು ಕಡಿಮೆಯಾದರೆ ಚೈನಿನಲ್ಲಿ ಅರ್ಧ ಕೊಂಡಿಯಷ್ಟು ಮಿಗುತ್ತದೆ; ಅದನ್ನು ಎಳೆಯಲು ಹಿಂದಿನ ಚಕ್ರ ಸುಮಾರು 4 ಮಿ.ಮೀ. ಹಿಂದಕ್ಕೆ ಹೋಗಬೇಕು. ಹೆಚ್ಚಾದರೆ ಅಷ್ಟೇ ಮುಂದಕ್ಕೆ. ಸ್ವಿಂಗ್ ಆರ್ಮಿನ ಸೀಳಿನಲ್ಲಿ ಇಷ್ಟು ಜಾಗ ಸಾಮಾನ್ಯವಾಗಿ ಇರುತ್ತದೆ. ಹಿಂದೆ ಎರಡು ಹಲ್ಲು ಹೆಚ್ಚಿಸಿದರೆ 8 ಮಿ.ಮೀ. ಮುಂದಕ್ಕೆ ಬರಬೇಕು, ಅಲ್ಲಿ ಚೈನ್ ಸಾಲದೆ ಹೋಗಬಹುದು, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಹಳೆಯ ಬುಲೆಟ್ಟಿನವರಿಗೆ ಒಂದು ಮಾತು. ಎರಕದ ಕಬ್ಬಿಣದ ಎಂಜಿನ್ನಿನ ಆ ಗಾಡಿಗಳಲ್ಲಿ ಹಿಂದಿನ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ತುಂಡು. ಹಾಗಾಗಿ ಬದಲಾವಣೆ ಏನಿದ್ದರೂ ಮುಂದೆಯೇ. ಆ ಮುಂದಿನದು ಕ್ಲಚ್ಚಿನ ಹಿಂದೆ ಕೂತಿರುವುದರಿಂದ ಪ್ರೈಮರಿ ಕವರ್ ತೆಗೆದು ಕ್ಲಚ್ ಬಿಚ್ಚದೆ ಕೈ ಹೋಗುವುದಿಲ್ಲ. ಅದು ಮನೆಯ ಅಂಗಳದಲ್ಲಿ ಮೊದಲ ಸಲ ಮಾಡುವ ಕೆಲಸವಲ್ಲ.

ಬಿಚ್ಚುವುದು, ಕೂರಿಸುವುದು

ಉಳಿದ ಗಾಡಿಗಳಲ್ಲಿ ಇದು ಅರ್ಧ ದಿನದ ಕೆಲಸ. ಡಬಲ್ ಸ್ಟ್ಯಾಂಡ್ ಅಥವಾ ಪ್ಯಾಡಕ್ ಸ್ಟ್ಯಾಂಡ್, ಒಳ್ಳೆಯ ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆ ಬ್ರಷ್ಷು, ಬಟ್ಟೆ ಇದ್ದರೆ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಎರವಲಾದರೂ ತನ್ನಿ. ಗಾಡಿಯ ಮ್ಯಾನುಯಲ್‌ನಲ್ಲಿರುವ ಬಿಗಿತದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳ ತೆಗೆದ ಕೂಡಲೇ ಕಾಣುವುದು ಕಪ್ಪು ಮಡ್ಡಿ: ಚೈನ್ ಲೂಬು, ಧೂಳು, ಕಬ್ಬಿಣದ ಪುಡಿ ಎಲ್ಲ ಸೇರಿ ಗಟ್ಟಿಯಾದದ್ದು. ಅದನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಮುಂದಿನ ಕೆಲಸ. ಅದರ ಅಡಿಯಲ್ಲೇ ಶಾಫ್ಟಿನ ಆಯಿಲ್ ಸೀಲ್ ಇರುತ್ತದೆ. ಒರೆಸಿದ ಮೇಲೆ ಅಲ್ಲಿ ಹೊಸದಾಗಿ ಎಣ್ಣೆ ಜಿನುಗುತ್ತಿದ್ದರೆ ಸೀಲ್ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಮಡ್ಡಿ ಕಂಡಾಗೆಲ್ಲ ನನಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ನೆನಪಾಗುತ್ತವೆ. ಅವುಗಳ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ ಓಡುತ್ತಿತ್ತು, ಧೂಳಿಗೂ ಮಳೆಗೂ ಸಿಗುತ್ತಿರಲಿಲ್ಲ. ನಮ್ಮ ರಸ್ತೆಗಳಿಗೆ ಅದೇ ತಕ್ಕ ವ್ಯವಸ್ಥೆಯಾಗಿತ್ತು.

ಸ್ಪ್ರಾಕೆಟ್ಟನ್ನು ಹಿಡಿದಿಡುವ ಬಗೆ ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ನಡುವೆ ಒಂದೇ ದೊಡ್ಡ ನಟ್, ಅದರಡಿ ಅಂಚು ಮಡಚಿದ ಲಾಕ್ ವಾಷರ್; ಕೆಲವದರಲ್ಲಿ ಎರಡು ಬೋಲ್ಟಿನ ಪ್ಲೇಟು; ಇನ್ನು ಕೆಲವದರಲ್ಲಿ ಸರ್‌ಕ್ಲಿಪ್. ದೊಡ್ಡ ನಟ್ ಇದ್ದರೆ ಮೊದಲು ವಾಷರಿನ ಮಡಿಕೆಯನ್ನು ಉಳಿಯಿಂದ ಪೂರ್ತಿ ಬಿಡಿಸಿ. ಚೈನು ಇನ್ನೂ ಹಾಕಿರುವಾಗಲೇ, ಗೇರಿನಲ್ಲಿಟ್ಟು, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರಲಿ. ಆಗ ನಟ್ ಸಡಿಲಿಸಿ. ಚಕ್ರ ಬಿಚ್ಚಿದ ಮೇಲೆ ಈ ನಟ್ ನೆನಪಾದರೆ ಶಾಫ್ಟನ್ನು ಹಿಡಿಯಲು ಏನೂ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಇಲ್ಲಿ ಎಡ ತಿರುಪು ಇರುತ್ತದೆ. ಬಲ ಹಾಕುವ ಮೊದಲು ಮ್ಯಾನುಯಲ್ ನೋಡಿ.

ಹಳೆಯದು ಹೊರಬರುವಾಗ ಯಾವ ಮುಖ ಹೊರಗಿತ್ತು ಎಂದು ಫೋಟೊ ತೆಗೆದಿಡಿ. ಎಷ್ಟೋ ಸ್ಪ್ರಾಕೆಟ್ಟುಗಳಲ್ಲಿ ಒಂದು ಬದಿ ಉಬ್ಬಿರುತ್ತದೆ. ತಿರುವುಮುರುವು ಕೂರಿಸಿದರೆ ಚೈನಿನ ಸಾಲು ತಪ್ಪುತ್ತದೆ. ಸ್ಪ್ಲೈನನ್ನು ಬೆಳಕಿಗೆ ಹಿಡಿದು ನೋಡಿ, ಅಂಚುಗಳು ಚೂಪಾಗಿ ಸವೆದಿಲ್ಲವಷ್ಟೆ? ಹೊಸದನ್ನು ಕೂರಿಸುವಾಗ ಲಾಕ್ ವಾಷರ್ ಹೊಸದೇ ಆಗಿರಲಿ. ಒಮ್ಮೆ ಮಡಚಿ ಬಿಡಿಸಿದ ತಗಡು ಎರಡನೆಯ ಸಲ ಬಿರುಕು ಬಿಡುತ್ತದೆ. ಅದರ ಬೆಲೆ ಒಂದು ಊಟಕ್ಕೂ ಆಗದು.

ಹಿಂದಿನ ಸ್ಪ್ರಾಕೆಟ್ಟೂ ಬದಲಾಗುವುದಾದರೆ ಚಕ್ರ ಹೊರಬರಬೇಕು. ಆಗ ಹಬ್ಬಿನೊಳಗಿನ ರಬ್ಬರುಗಳನ್ನು ಪರೀಕ್ಷಿಸಿ. ಸ್ಪ್ರಾಕೆಟ್ ಹೊತ್ತ ಭಾಗವನ್ನು ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ತಿರುಗಿಸಿದರೆ ಲೊಡಲೊಡ ಆಡುತ್ತಿದ್ದರೆ ರಬ್ಬರ್ ಹೋಗಿದೆ. ಗೇರ್ ಹಾಕುವಾಗ ಬರುವ ಒದೆತಕ್ಕೆ ಕಾರಣ ಬಹಳ ಸಲ ಇದೇ, ಚೈನಲ್ಲ. ನಟ್‌ಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಸದೆ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಸುತ್ತ ಬನ್ನಿ.

ಚೈನಿಗೆ ಕ್ಲಿಪ್ ಲಾಕ್ ಇದ್ದರೆ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು. ದೊಡ್ಡ ಗಾಡಿಗಳಿಗೆ ಕ್ಲಿಪ್ ಬೇಡ, ಸರಿಯಾದ ಉಪಕರಣದಿಂದ ರಿವೆಟ್ ಮಾಡಿದ ಕೊಂಡಿಯೇ ಬೇಕು. ಚಕ್ರ ನೆಟ್ಟಗಿದೆಯೇ ಎಂದು ನೋಡಲು ಸ್ವಿಂಗ್ ಆರ್ಮಿನ ಮೇಲಿನ ಗೀಟುಗಳನ್ನಷ್ಟೇ ನಂಬಬೇಡಿ. ಸ್ವಿಂಗ್ ಆರ್ಮಿನ ತಿರುಗಣಿ ಬೋಲ್ಟಿನ ನಡುವಿನಿಂದ ಆಕ್ಸಲ್ಲಿನ ನಡುವಿಗೆ ಎರಡೂ ಬದಿ ಅಳೆಯಿರಿ. ಆಮೇಲೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಚೈನಿನ ಉದ್ದಕ್ಕೂ ನೋಡಿ. ಸೊಟ್ಟಗಿದ್ದರೆ ಕಣ್ಣಿಗೆ ಹೊಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಚೈನಿನ ಸಡಿಲದಲ್ಲಿ. ನೀವು ಕೂತಾಗ, ಹಿಂದೆ ಇನ್ನೊಬ್ಬರು ಕೂತಾಗ ಸ್ವಿಂಗ್ ಆರ್ಮ್ ಮೇಲೇಳುತ್ತದೆ. ಮುಂದಿನ ಸ್ಪ್ರಾಕೆಟ್, ತಿರುಗಣಿ, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗಿರುತ್ತದೆ. ಸ್ಟ್ಯಾಂಡಿನ ಮೇಲೆ ಚೆಂದಕ್ಕೆ ಬಿಗಿಯಾಗಿ ಕಂಡ ಚೈನು ಸಾಮಾನು ಹೇರಿದ ಮೇಲೆ ತಂತಿಯಾಗಿ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಆದ್ದರಿಂದ ಮ್ಯಾನುಯಲ್ ಹೇಳಿದ ಅಳತೆಯಲ್ಲಿ ಸಡಿಲದ ಕಡೆಗೇ ಇರಲಿ. ಚಕ್ರ ತಿರುಗಿಸುತ್ತ ಚೈನು ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಿರಿ. ಇಬ್ಬರು ಕೂತು ಇನ್ನೊಬ್ಬರಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ಚೈನಿಲ್ಲದ, ಶಾಫ್ಟಿನ ಟೂರಿಂಗ್ ಗಾಡಿಗಳ ಕತೆ ಬೇರೆಯೇ. ಗೋಲ್ಡ್ ವಿಂಗ್, ಬಿಎಂಡಬ್ಲ್ಯೂ ಬಾಕ್ಸರ್‌ಗಳಲ್ಲಿ ಹಿಂದಿನ ಹಬ್ಬಿನಲ್ಲಿ ಓರೆ ಹಲ್ಲಿನ ಎರಡು ಗೇರುಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಹಳೆಯ ಬಾಕ್ಸರ್‌ಗಳ ಹೌಸಿಂಗ್ ಮೇಲೆ 37/11, 33/11 ಎಂದು ಹಲ್ಲಿನ ಸಂಖ್ಯೆ ಕೆತ್ತಿರುತ್ತದೆ, ಮೊದಲನೆಯದು 3.36, ಎರಡನೆಯದು 3. ಈ ಗೇರುಗಳು ಜೋಡಿಯಾಗಿಯೇ ಹುಟ್ಟಿದವು, ಒಂದನ್ನು ಮಾತ್ರ ಬದಲಿಸುವಂತಿಲ್ಲ. ತೆಳ್ಳನೆಯ ಶಿಮ್‌ಗಳನ್ನಿಟ್ಟು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಂತರ ಹೊಂದಿಸಿ, ನೀಲಿ ಬಣ್ಣ ಹಚ್ಚಿ ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆ ಎಂದು ನೋಡಬೇಕು. ಅಂಥ ಗಾಡಿಯಲ್ಲಿ ಅನುಪಾತ ಬದಲಿಸಲೇಬೇಕಾದರೆ, ಹೊಂದುವ ಇನ್ನೊಂದು ಮಾದರಿಯ ಹೌಸಿಂಗನ್ನು ಪೂರ್ತಿಯಾಗಿ ತಂದು ಕೂರಿಸುವುದೇ ಜಾಣತನ.

ಕೆಲಸ ಮುಗಿದ ಮೇಲೆ ಮನೆಯ ಸುತ್ತ ನಾಲ್ಕಾರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಆಕ್ಸಲ್ ನಟ್‌ನಿಂದ ಶುರುಮಾಡಿ ಬಿಚ್ಚಿದ್ದೆಲ್ಲವನ್ನೂ ಮತ್ತೆ ಪರೀಕ್ಷಿಸಿ. ಹೊಸ ಚೈನು ಮೊದಲ 500 ಕಿಲೋಮೀಟರಿನಲ್ಲಿ ತುಸು ಹಿಗ್ಗುತ್ತದೆ, ಆಗ ಸಡಿಲವನ್ನು ಇನ್ನೊಮ್ಮೆ ಹೊಂದಿಸಿ. ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕದಿರಿ, ಎರಡು ವಾರ ಮೊದಲೇ ಮುಗಿಸಿ. ಚೈನನ್ನು ತೊಳೆಯುವಾಗ, ಲೂಬ್ ಹಾಕುವಾಗ ಎಂಜಿನ್ ಆಫ್ ಆಗಿರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಗೇರ್ ಹಾಕಿ ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಯಾರು ಎಷ್ಟೇ ಸಲೀಸಾಗಿ ಮಾಡಿ ತೋರಿಸಿದರೂ ಆ ಕೆಲಸವನ್ನು ಮಾತ್ರ ಎಂದೂ ಮಾಡಬೇಡಿ.